ಬಾತುಮರಿಯ ಕಾಲು ಸೊಟ್ಟಗಾದರೆ ಕ್ಯಾಲ್ಸಿಯಂ ಬಾಟಲಿ ತೆಗೆಯಬೇಡಿ



ಕಳೆದ ಮಳೆಗಾಲದಲ್ಲಿ ಒಬ್ಬ ಅಕ್ಕನ ಮನೆಗೆ ಆಕಳ ಗರ್ಭ ತಪಾಸಣೆಗೆ ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಆಕೆ ಹಿತ್ತಲಿಗೆ ಕರೆದರು. "ಡಾಕ್ಟ್ರ, ಇವನ್ನೊಂದಿಷ್ಟು ನೋಡ್ರಿ, ಕಾಲಾಗ ಶಕ್ತಿನೇ ಇಲ್ಲ" ಎಂದರು. ಮೂರು ವಾರದ ಹತ್ತು ಬಾತುಮರಿಗಳಿದ್ದವು. ಆರು ಓಡಾಡುತ್ತಿದ್ದವು. ನಾಲ್ಕರ ಕಾಲು ಬಿಲ್ಲಿನಂತೆ ಬಾಗಿ, ಮೊಣಕಾಲಿನಂತೆ ಕಾಣುವ ಗಂಟು ದಪ್ಪಗಾಗಿತ್ತು. ಅವು ಆ ಗಂಟಿನ ಮೇಲೇ ತೆವಳುತ್ತಿದ್ದವು. ಆಕಳಿಗೆಂದು ತಂದಿದ್ದ ಕ್ಯಾಲ್ಸಿಯಂ ದ್ರಾವಣವನ್ನು ಆಕೆ ಆರು ದಿನದಿಂದ ಕುಡಿಯುವ ನೀರಿಗೆ ಬೆರೆಸುತ್ತಿದ್ದರು.

ಆಕೆಯ ಲೆಕ್ಕ ತಪ್ಪೆಂದು ಹೇಳಲಾರೆ. ಕರು ಹಾಕಿದ ಆಕಳು ನೆಲ ಹಿಡಿದಾಗ ಕ್ಯಾಲ್ಸಿಯಂ ಕೊಟ್ಟರೆ ಎದ್ದು ನಿಲ್ಲುವುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ಆದರೆ ಈ ವಯಸ್ಸಿನ ಬಾತುಮರಿಯ ಕಾಲು ಹೀಗೆ ಬಾಗಲು ಮುಖ್ಯ ಕಾರಣ ನಯಾಸಿನ್ ಕೊರತೆ. ಇದು ಬಿ ಗುಂಪಿನ ಒಂದು ಜೀವಸತ್ವ, ಇದನ್ನೇ ಬಿ3 ಎನ್ನುತ್ತಾರೆ. ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಮೊಟ್ಟೆ ಕೋಳಿಯ ಆಹಾರವನ್ನು ಮರಿಗೆ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ, ಅದರಲ್ಲಿ ಚಿಪ್ಪಿಗೆಂದು ಕ್ಯಾಲ್ಸಿಯಂ ಮೂರೂವರೆ ಪಾಲಿಗಿಂತಲೂ ಹೆಚ್ಚಿರುತ್ತದೆ.

ನಮಗೆ ಆಕಳು ಗೊತ್ತು, ಹಾಗಾಗಿ ಆಕಳಿಂದಲೇ ಶುರು ಮಾಡೋಣ. ಆಕಳಿಗೆ, ಎಮ್ಮೆಗೆ ನೀವು ಎಂದಾದರೂ ಬಿ ಜೀವಸತ್ವದ ಚಿಂತೆ ಮಾಡಿದ್ದೀರಾ? ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ನೀವು ಹಾಕಿದ ಕಣಿಕೆಯನ್ನು ಕೊಳೆಸುತ್ತಲೇ ಅವು ಬಿ ಗುಂಪಿನ ಜೀವಸತ್ವಗಳನ್ನು ತಯಾರಿಸಿ ಕೊಡುತ್ತವೆ. ಬಾತಿಗೆ ಆ ಹೊಟ್ಟೆ ಇಲ್ಲ. ಅದಕ್ಕೆ ಬೇಕಾದದ್ದು ತಟ್ಟೆಯಲ್ಲೇ ಇರಬೇಕು. ರಾಯಾಪುರದ ಕಾರ್ಖಾನೆಯಿಂದ ಬರುವ ಪಶು ಆಹಾರ ರಾಸುಗಳಿಗೆ ಎಷ್ಟೇ ಚೆನ್ನಾಗಿದ್ದರೂ ಬಾತುಮರಿಗೆ ಸಲ್ಲದು. ಪಶು ಆಹಾರದಲ್ಲಿ ನಾರು ಹೆಚ್ಚು, ಯೂರಿಯಾ ಕೂಡ ಇರಬಹುದು. ಯೂರಿಯಾವನ್ನು ದಕ್ಕಿಸಿಕೊಳ್ಳುವ ಶಕ್ತಿ ಮೆಲುಕು ಹಾಕುವ ಪ್ರಾಣಿಗೆ ಮಾತ್ರ. ಖನಿಜ ಮಿಶ್ರಣವೂ ಈ ಕೊರತೆ ತುಂಬುವುದಿಲ್ಲ, ಹೆಸರೇ ಹೇಳುವಂತೆ ಅದು ಖನಿಜ.

ಹಾಗಾದರೆ ಕೋಳಿಮರಿಯ ಆಹಾರ? ಅದು ಹತ್ತಿರದ್ದು, ಆದರೆ ಸಾಲದು. ಒಂದು ಕೆ.ಜಿ. ಆಹಾರದಲ್ಲಿ ಕೋಳಿಮರಿಗೆ ಸುಮಾರು 30 ಮಿಲಿಗ್ರಾಂ ನಯಾಸಿನ್ ಇದ್ದರೆ ನಡೆದೀತು, ಬಾತುಮರಿಗೆ 55 ಬೇಕು. ಟ್ರಿಪ್ಟೊಫ್ಯಾನ್ ಎಂಬ ಪ್ರೋಟೀನಿನ ಅಂಶದಿಂದ ಕೋಳಿ ತನ್ನ ದೇಹದಲ್ಲೇ ಒಂದಿಷ್ಟು ನಯಾಸಿನ್ ಮಾಡಿಕೊಳ್ಳುತ್ತದೆ. ಬಾತಿಗೆ ಆ ಕೆಲಸ ಅಷ್ಟಾಗಿ ಬರದು. ಮೇಲಾಗಿ ಅದು ಕೋಳಿಮರಿಗಿಂತ ಬೇಗ ಬೆಳೆಯುತ್ತದೆ. ಮೈ ಭಾರ ಏರಿದಂತೆ ಕಾಲು ತಡೆಯುವುದಿಲ್ಲ. ಬಿಳಿ ಪೆಕಿನ್ ತಳಿ ಆರೇ ವಾರದಲ್ಲಿ ಎರಡು ಕೆ.ಜಿ. ದಾಟಬಲ್ಲದು, ಅದರಲ್ಲಿ ಈ ತೊಂದರೆ ಬೇಗ ಎದ್ದು ಕಾಣುತ್ತದೆ. ಮೊಟ್ಟೆಗೆ ಹೆಸರಾದ ಖಾಕಿ ಕ್ಯಾಂಪ್‌ಬೆಲ್ ಹಗುರ ತಳಿ, ಆದರೂ ಅದಕ್ಕೂ ವಿನಾಯಿತಿ ಇಲ್ಲ. ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಯಲ್ಲಿ ಬೆಳೆಸುವುದು ಈ ಎರಡು ತಳಿಗಳನ್ನೇ.

ನಮ್ಮ ಕಡೆ ಎಲ್ಲರ ಕೈಗೂ ಮೊದಲು ಸಿಗುವುದು ಗೋವಿನಜೋಳದ ನುಚ್ಚು. ಅದರಲ್ಲಿ ನಯಾಸಿನ್ ಇದೆ, ಆದರೆ ಬಹುಪಾಲು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಜೀರ್ಣವಾಗುವುದಿಲ್ಲ. ಇದು ಹಕ್ಕಿಗಷ್ಟೇ ಬಂದ ಕಷ್ಟವಲ್ಲ. ಬರೀ ಗೋವಿನಜೋಳ ತಿಂದು ಬದುಕಿದ ಅಮೆರಿಕದ ಬಡವರಿಗೆ ಇದೇ ಕೊರತೆಯಿಂದ ಪೆಲಾಗ್ರ ಎಂಬ ಚರ್ಮ ಬಿರಿಯುವ ರೋಗ ಬರುತ್ತಿತ್ತು. ಬೇರೇನೂ ಸಿಗದೆ ಜೋಳವನ್ನಷ್ಟೇ ತಿಂದ ಜನರಲ್ಲೂ ಈ ರೋಗ ಇರುವುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಬರೆದರು. ಗಾಬರಿ ಬೇಡ, ನಮ್ಮ ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಇರುತ್ತವೆ. ಬಾತುಮರಿಯ ತಟ್ಟೆಯಲ್ಲಿ ಬರೀ ನುಚ್ಚು ಇರುತ್ತದೆ, ಅದೇ ತೊಂದರೆ.

ಇನ್ನು ಮಾಡಬೇಕಾದದ್ದು. ಔಷಧಿ ಬೆರೆಸದ ಕೋಳಿಮರಿ ಆಹಾರ ತನ್ನಿ, ಪ್ರೋಟೀನ್ ಶೇ. 20ರಿಂದ 22 ಇರಲಿ. ಒಂದು ಕೆ.ಜಿ.ಗೆ 50 ಗ್ರಾಂ ಒಣ ಬ್ರೂವರ್ಸ್ ಈಸ್ಟ್ ಪುಡಿ ಬೆರೆಸಿ. ಇದರಿಂದ ಸುಮಾರು 20 ಮಿಲಿಗ್ರಾಂ ನಯಾಸಿನ್ ಸೇರುತ್ತದೆ. ಕೋಳಿ ಆಹಾರದ ಅಂಗಡಿಯಲ್ಲಿ ಕೇಳಿ. ಬೇಕರಿಯ ಈಸ್ಟ್ ಜೀವಂತವಾದದ್ದು, ಅದು ಬೇಡ. ಮೊದಲ ದಿನದಿಂದ ಎಂಟು ವಾರದವರೆಗೆ ಹೀಗೇ ನಡೆಸಿ. ಈಸ್ಟ್ ಸಿಗದಿದ್ದರೆ ಕೋಳಿಗೆ ಕೊಡುವ ಬಿ ಕಾಂಪ್ಲೆಕ್ಸ್ ದ್ರಾವಣವನ್ನು ಬಾಟಲಿ ಮೇಲಿನ ಪ್ರಮಾಣದಲ್ಲಿ ನೀರಿಗೆ ಹಾಕಿ, ಆ ನೀರನ್ನು ದಿನವೂ ಬದಲಿಸಿ. ಆಹಾರಕ್ಕೆ ನೀರು ಚಿಮುಕಿಸಿ ಒದ್ದೆ ಮಾಡಿ ಕೊಡಿ, ಒಣ ಹಿಟ್ಟು ಬಾತಿನ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ಉಳಿದದ್ದನ್ನು ಸಂಜೆಯೊಳಗೆ ಎಸೆಯಿರಿ. ನೀರಿನ ಪಾತ್ರೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ, ಮರಿಯೇ ಮುಳುಗುವಷ್ಟಲ್ಲ.

ಉಳಿದ ಜೀವಸತ್ವಗಳಿಗೆ ದುಡ್ಡು ಖರ್ಚು ಮಾಡಬೇಕಿಲ್ಲ. ರಾಸುಗಳಿಗೆ ಬೆಳೆಸಿದ ಅಜೋಲಾ ತೊಳೆದು ಒಂದು ಹಿಡಿ ಹಾಕಿ, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಎ ಜೀವಸತ್ವಕ್ಕೆ ಅಷ್ಟು ಸಾಕು. ಡಿ ಜೀವಸತ್ವ ಬೆಳಗಿನ ಬಿಸಿಲಿನಲ್ಲಿದೆ. ಸಿ ಜೀವಸತ್ವವನ್ನು ಹಕ್ಕಿ ತಾನೇ ಮಾಡಿಕೊಳ್ಳುತ್ತದೆ, ನಿಂಬೆರಸ ಹಿಂಡುವ ಕೆಲಸ ಬೇಡ. ಮಜ್ಜಿಗೆ ಕೊಡಬಹುದೇ ಎಂದು ಹಲವರು ಕೇಳುತ್ತಾರೆ. ಸ್ವಲ್ಪ ಕೊಡಿ, ಅದರಲ್ಲಿ ಬಿ2 ಚೆನ್ನಾಗಿದೆ, ನಯಾಸಿನ್ ಮಾತ್ರ ತೀರ ಕಡಿಮೆ. ಹೆಚ್ಚಾದರೆ ಹಿಕ್ಕೆ ನೀರಾಗುತ್ತದೆ. ಗದ್ದೆಯಲ್ಲಿ ಬಸವನಹುಳು, ಎರೆಹುಳು, ಕೀಟ ಹುಡುಕಿ ತಿನ್ನುವ ಬಾತಿಗೆ ಈ ಕೊರತೆ ಬರುವುದು ಅಪರೂಪ. ಕಟ್ಟೆಯೊಳಗೆ ಕೂಡಿಟ್ಟು ನಾವು ಸಾಕುವ ಮರಿಗೇ ಇದು ಬರುವುದು.

ಕಾಲ ಮೀರಬಾರದು ಎಂಬುದೇ ಮುಖ್ಯ. ಎರಡನೇ ವಾರದಿಂದ ದಿನವೂ ಮರಿಗಳನ್ನು ನಡೆಸಿ ನೋಡಿ. ನೀರಿಗೆ ಎಲ್ಲಕ್ಕಿಂತ ಕೊನೆಗೆ ಬರುವ, ಎರಡು ಹೆಜ್ಜೆ ಇಟ್ಟು ಕೂರುವ ಮರಿ ಯಾವುದೋ ಅದಕ್ಕೆ ಅಂದೇ ಶುರು ಮಾಡಿ. ಆಗ ಕೆಲವು ದಿನಗಳಲ್ಲೇ ಚೇತರಿಕೆ ಕಾಣುತ್ತದೆ. ಎಲುಬು ಬಾಗಿ ಗಟ್ಟಿಯಾದ ಮೇಲೆ ಯಾವ ಔಷಧಿಯೂ ನೇರ ಮಾಡದು. ಆ ಅಕ್ಕನ ನಾಲ್ಕು ಮರಿಗಳಲ್ಲಿ ಎರಡು ಸುಧಾರಿಸಿದವು, ಎರಡು ಕುಂಟುತ್ತಲೇ ಉಳಿದವು. ಕ್ಯಾಲ್ಸಿಯಂನಲ್ಲಿ ಕಳೆದ ಆರು ದಿನಗಳು ಸಿಕ್ಕಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೊನೆಯದಾಗಿ ಶೇಂಗಾ ಹಿಂಡಿಯ ಮಾತು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹಿಂಡಿಯನ್ನು "ಆಕಳು ತಿನ್ನಲಿಲ್ಲ, ಬಾತಿಗೆ ಹಾಕೋಣ" ಎನ್ನಬೇಡಿ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಬಾತುಮರಿಗೆ ತಟ್ಟುವಷ್ಟು ಬೇಗ ಬೇರೆ ಸಾಕು ಹಕ್ಕಿಗೆ ತಟ್ಟುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಬಾತುಮರಿಗಳೂ ಸತ್ತವು. ಆಕಳು ತಿಂದರೆ ಅದೇ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಆ ಹಿಂಡಿಯನ್ನು ಯಾವ ಪ್ರಾಣಿಗೂ ಹಾಕದೆ ಮಣ್ಣಿನಲ್ಲಿ ಹೂತುಬಿಡಿ.