ಅಂಗಮರ್ದನ ವೃತ್ತಿಯೂ ಅದರ ಪರವಾನಗಿಯೂ: ಜಮಖಂಡಿ ಸೀಮೆಯನ್ನು ಅನುಲಕ್ಷಿಸಿ ಒಂದು ವಿವೇಚನೆ

ಒಬ್ಬ ಮನುಷ್ಯನ ಮೈಯನ್ನು ಮತ್ತೊಬ್ಬನು ಕೂಲಿಗಾಗಿ ಮುಟ್ಟಿ, ಎಣ್ಣೆ ತಿಕ್ಕಿ, ದಣಿವು ಕಳೆಯುವ ಕಸುಬು ಅತ್ಯಂತ ಪ್ರಾಚೀನವಾದುದು. ಆದರೆ ಈ ಕಸುಬನ್ನು ನಡೆಸುವ ಅಧಿಕಾರವನ್ನು ಯಾರಿಗೆ ಯಾರು ಕೊಡತಕ್ಕದ್ದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಂಥ ಊರುಗಳಲ್ಲಿ ಇಂದು ಒಬ್ಬ ತರುಣನು 'ಸ್ಪಾ' ಅಥವಾ ಮಾಲೀಸು ಕೇಂದ್ರವನ್ನು ತೆರೆಯಬೇಕೆಂದರೆ ಹಲವು ಕಚೇರಿಗಳ ಮೆಟ್ಟಿಲನ್ನು ಹತ್ತಬೇಕಾಗುತ್ತದೆ. ಆ ನಿಯಮಗಳು ಯಾವುವು, ಅವು ಎಲ್ಲಿಂದ ಬಂದವು, ಅವುಗಳಲ್ಲಿ ಉಳಿದಿರುವ ಕೊರತೆ ಯಾವುದು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

1. ಪರಂಪರೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಪರಿಚಾರಕವರ್ಗವನ್ನು ಹೇಳುವಲ್ಲಿ ಸ್ನಾನ ಮಾಡಿಸುವವರೊಡನೆ 'ಸಂವಾಹಕ'ರ, ಎಂದರೆ ಮೈಯೊತ್ತುವವರ, ಉಲ್ಲೇಖವಿದೆ. ಶೂದ್ರಕನ ಮೃಚ್ಛಕಟಿಕದ ಸಂವಾಹಕನು ಕಲೆಯೆಂದು ಕಲಿತ ವಿದ್ಯೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡವನು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126-1138) ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಇಪ್ಪತ್ತು ಉಪಭೋಗಗಳ ಪೈಕಿ ಸ್ನಾನಭೋಗವೂ ಪಾದಾಭ್ಯಂಗಭೋಗವೂ ಪ್ರತ್ಯೇಕವಾಗಿ ನಿರೂಪಿತವಾಗಿವೆ. ಅಂಗಮರ್ದನವು ಕೇವಲ ವಿಲಾಸವಾಗಿರದೆ ಒಂದು ಕ್ರಮಬದ್ಧ ವಿದ್ಯೆಯೆಂದು ಅಂದೇ ಪರಿಗಣಿತವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಅರಮನೆಯ ಹೊರಗೆ ಈ ವಿದ್ಯೆ ಮೂರು ನೆಲೆಗಳಲ್ಲಿ ಬಾಳಿತು. ಮೊದಲನೆಯದು ಗರಡಿಮನೆ. ಕುಸ್ತಿಗೆ ಹೆಸರಾದ ಈ ಸೀಮೆಯಲ್ಲಿ ಪೈಲವಾನರು ಪರಸ್ಪರ ಮಾಲೀಸು ಮಾಡಿಕೊಳ್ಳುತ್ತಿದ್ದರು. ಅದು ಸಾಧನೆಯ ಅಂಗವೇ ಹೊರತು ಕೂಲಿಯ ಕೆಲಸವಲ್ಲ. ಎರಡನೆಯದು ಮನೆ. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯುವ ಸೂಲಗಿತ್ತಿಯ ಕೈಗುಣವನ್ನು ನಂಬದ ಮನೆತನ ವಿರಳ. ಮೂರನೆಯದು ಆಯಗಾರ ಪದ್ಧತಿ. ಊರಿನ ಕ್ಷೌರಿಕನು ಕ್ಷೌರದೊಡನೆ ತಲೆ, ಬೆನ್ನು, ಕೈಕಾಲುಗಳನ್ನು ಒತ್ತುವ ಸೇವೆಯನ್ನೂ ಸಲ್ಲಿಸಿ, ಸುಗ್ಗಿಯ ಕಾಲದಲ್ಲಿ ಕಣದಲ್ಲಿ ತನ್ನ ಪಾಲಿನ ಆಯವನ್ನು ಪಡೆಯುತ್ತಿದ್ದನು. ಕೆಲವೆಡೆ ಇಂಥ ಸೇವೆಗೆ ಇನಾಮು ಭೂಮಿಯೂ ಇರುತ್ತಿತ್ತು. ಈ ವ್ಯವಸ್ಥೆಯಲ್ಲಿ ಪರವಾನಗಿಯೆಂಬ ಕಾಗದವಿರಲಿಲ್ಲ. ಹುಟ್ಟೇ ಪರವಾನಗಿ; ಊರಿನ ನೆನಪೇ ಅದರ ದಫ್ತರ. ಕೈಗುಣವಿಲ್ಲದವನನ್ನು ಊರು ತಾನೇ ದೂರವಿಡುತ್ತಿತ್ತು. ಆದರೆ ಬೇರೆ ಕುಲದವನು ಆ ಕಸುಬನ್ನು ಹಿಡಿಯುವಂತಿರಲಿಲ್ಲ, ಆ ಕುಲದವನು ಅದನ್ನು ಬಿಡುವುದೂ ಸುಲಭವಾಗಿರಲಿಲ್ಲ ಎಂಬ ಕಟುಸತ್ಯವನ್ನು ಮರೆಯಲಾಗದು.

2. ಸಂಸ್ಥಾನಗಳಿಂದ ಪುರಸಭೆಗಳಿಗೆ

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 1948ರವರೆಗೆ ಬೇರೆ ಬೇರೆ ಪ್ರಭುತ್ವಗಳಿಗೆ ಒಳಪಟ್ಟಿದ್ದವು. ಜಮಖಂಡಿಯು ಪಟವರ್ಧನರ ಸಂಸ್ಥಾನ; ಬನಹಟ್ಟಿಯು ಅದಕ್ಕೆ ಸೇರಿತ್ತು. ಮುಧೋಳವು ಘೋರ್ಪಡೆಯವರದು. ರಬಕವಿಯು ಸಾಂಗಲಿ ಸಂಸ್ಥಾನದ ಭಾಗ. ಬೀಳಗಿಯಾದರೋ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. 1948ರ ಮಾರ್ಚ್ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಈ ಪ್ರದೇಶವೆಲ್ಲ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚಿತವಾಯಿತು.

ಈ ಪರಿವರ್ತನೆಯ ನಡುವೆ ನಡೆದ ಒಂದು ಘಟನೆ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. 1953ರಲ್ಲಿ ಮುಂಬಯಿ ಶಾಸನಸಭೆಯು ಸಮುದಾಯೋಪಯೋಗಿ ಸೇವಾ ಇನಾಮುಗಳನ್ನು ರದ್ದುಗೊಳಿಸುವ ಅಧಿನಿಯಮವನ್ನು ಅಂಗೀಕರಿಸಿತು. ಊರಿಗೆ ಸೇವೆ ಸಲ್ಲಿಸುವ ಕಸುಬುದಾರರು ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದ ಇನಾಮುಗಳು ಇದರಿಂದ ಕೊನೆಗೊಂಡವು. ಹುಟ್ಟಿನಿಂದ ಬಂದ ಹಕ್ಕು ಹೋಯಿತು. ಅದರೊಡನೆ ಹುಟ್ಟಿನಿಂದ ಬಂದ ಕಟ್ಟೂ ಸಡಿಲವಾಯಿತು. ಇದು ನ್ಯಾಯವಾದುದೇ. ಆದರೆ ಅನುಭವಿಯಾದ ಕೈ ಯಾವುದು ಎಂದು ಊರು ಗುರುತಿಸುತ್ತಿದ್ದ ಹಳೆಯ ರೀತಿಯೂ ಕ್ರಮೇಣ ಕುಂದಿತು. ಆ ತೆರವನ್ನು ತುಂಬುವ ಹೊಸ ಏರ್ಪಾಡು ಒಡನೆಯೇ ಹುಟ್ಟಲಿಲ್ಲ.

ಪುರಸಭೆಯ ಪರವಾನಗಿ ಬೇರೊಂದು ಮೂಲದಿಂದ ಬಂದುದು. 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಅಧಿನಿಯಮವೇ ಮೊದಲಾದ ಕಾನೂನುಗಳು ದುರ್ವಾಸನೆ, ಹೊಗೆ, ಬೆಂಕಿಯ ಅಪಾಯಗಳುಳ್ಳ ಉದ್ದಿಮೆಗಳನ್ನು ಹತೋಟಿಯಲ್ಲಿಡಲು ಪುರಸಭೆಗಳಿಗೆ ಅಧಿಕಾರ ಕೊಟ್ಟವು. ಅವುಗಳ ಗುರಿ ನೆರೆಹೊರೆಯವರ ರಕ್ಷಣೆ. ಈ ವಿವಿಧ ಪ್ರಾಂತೀಯ ಕಾನೂನುಗಳ ಸ್ಥಾನದಲ್ಲಿ ಬಂದ 1964ರ ಪುರಸಭೆಗಳ ಅಧಿನಿಯಮವೂ ಬಹುಮಟ್ಟಿಗೆ ಅದೇ ಜಾಡಿನಲ್ಲಿ ನಡೆಯಿತು. ಆದುದರಿಂದಲೇ ಪರವಾನಗಿಯ ಕಣ್ಣು ಇಂದಿಗೂ ಕಟ್ಟಡ, ಗಟಾರ, ಗಾಳಿಬೆಳಕುಗಳ ಮೇಲಿರುತ್ತದೆಯೇ ವಿನಾ ಎಣ್ಣೆ ತಿಕ್ಕುವ ಕೈಯ ಮೇಲೆ ಇರುವುದಿಲ್ಲ.

3. ಇಂದಿನ ನಿಯಮಗಳು

ಇಂದು ಕೇಂದ್ರವನ್ನು ತೆರೆಯಬಯಸುವವನು ಪೂರೈಸಬೇಕಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು.

(ಅ) ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ನಗರಸಭೆಯೂ ಬೀಳಗಿಯಲ್ಲಿ ಪಟ್ಟಣ ಪಂಚಾಯಿತಿಯೂ ಇದನ್ನು ಕೊಡತಕ್ಕವು. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಗೆ ಅರ್ಜಿ ಸಲ್ಲಿಸಬೇಕು. ಕಟ್ಟಡದ ಒಡೆತನದ ಕಾಗದ ಅಥವಾ ಬಾಡಿಗೆಯ ಕರಾರುಪತ್ರ, ಆಸ್ತಿ ತೆರಿಗೆ ತುಂಬಿದ ರಸೀದಿ ಇವು ಅಗತ್ಯ. ಪರವಾನಗಿಯನ್ನು ಅವಧಿ ತೀರುವ ಮೊದಲು ನವೀಕರಿಸಬೇಕು.

(ಆ) 1961ರ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೇರೆಗೆ, ಅದು ಅನ್ವಯವಾಗುವ ಪ್ರದೇಶಗಳಲ್ಲಿ, ವ್ಯವಹಾರ ಆರಂಭವಾದ 30 ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಕೆಲಸದ ವೇಳೆ, ವಾರದ ರಜೆ ಮೊದಲಾದವು ಈ ಕಾನೂನಿಗೆ ಒಳಪಟ್ಟಿವೆ.

(ಇ) 1976ರ ವೃತ್ತಿ ತೆರಿಗೆಯ ಕಾನೂನಿನಂತೆ ನಡೆದುಕೊಳ್ಳುವುದು. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಳನ್ನು ಮೀರಿದರೆ ಸರಕು ಮತ್ತು ಸೇವಾ ತೆರಿಗೆಗೆ ನೋಂದಾಯಿಸಿಕೊಳ್ಳುವುದು.

(ಈ) ಚಿಕಿತ್ಸೆಯ ಪ್ರಶ್ನೆ. ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು. ದಣಿವಾರಿಸುವುದಕ್ಕಾಗಿ ಮಾಡುವ ಮಾಲೀಸು ಒಂದು. ರೋಗ ಕಳೆಯುವುದಕ್ಕಾಗಿ ಮಾಡುವ ಅಭ್ಯಂಗ ಮತ್ತೊಂದು. ಎಣ್ಣೆ ಒಂದೇ, ಕೈ ಒಂದೇ. ಆದರೆ ಬಾಗಿಲಿನ ಫಲಕದಲ್ಲಿ 'ಪಂಚಕರ್ಮ ಚಿಕಿತ್ಸೆ' ಎಂದು ಬರೆದೊಡನೆ ಕಾನೂನು ಬೇರೆಯಾಗುತ್ತದೆ. ಸ್ನೇಹನ, ಸ್ವೇದನಗಳು ಪಂಚಕರ್ಮದ ಪೂರ್ವಕರ್ಮಗಳು. ಅವು ವೈದ್ಯನ ನಿರ್ದೇಶನದಲ್ಲಿ ನಡೆಯತಕ್ಕವು. ಚಿಕಿತ್ಸೆ ನೀಡುವ ಸಂಸ್ಥೆಯು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಾಯಿತವಾಗಬೇಕು. ಅಲ್ಲಿಯ ವೈದ್ಯನೂ ನೋಂದಾಯಿತನಾಗಿರಬೇಕು. ಎಣ್ಣೆಯನ್ನು ಔಷಧವೆಂದು ತಯಾರಿಸಿ ಮಾರುವುದಕ್ಕೆ 1940ರ ಔಷಧ ಕಾನೂನಿನ ಪರವಾನಗಿ ಬೇಕು. ಪಾರ್ಶ್ವವಾಯುವನ್ನು ಗುಣಪಡಿಸುವ ತೈಲವೆಂದು ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾನೂನು ನಿಷೇಧಿಸಿದೆ.

(ಉ) ಪೊಲೀಸರ ದೃಷ್ಟಿ. ಮಾಲೀಸಿನ ಹೆಸರಿನಲ್ಲಿ ಅನೈತಿಕ ವ್ಯವಹಾರ ನಡೆದಲ್ಲಿ 1956ರ ಅನೈತಿಕ ವ್ಯವಹಾರ ತಡೆ ಅಧಿನಿಯಮ ಅನ್ವಯವಾಗುತ್ತದೆ. ತಿಳಿದೂ ಮನೆ ಬಾಡಿಗೆಗೆ ಕೊಟ್ಟ ಮಾಲೀಕನೂ ಶಿಕ್ಷಾರ್ಹನು. ಪ್ರಾಮಾಣಿಕನಾದ ಕಸುಬುದಾರನಿಗೂ ಮಳಿಗೆ ಬಾಡಿಗೆಗೆ ಸಿಗುವುದು ಕಷ್ಟವಾಗುವುದಕ್ಕೆ ಈ ಭಯವೂ ಒಂದು ಕಾರಣವಾಗಬಲ್ಲದು.

ಇವುಗಳಲ್ಲಿ ಯಾವುದೊಂದೂ ಅಂಗಮರ್ದನವನ್ನೇ ಮುಖ್ಯ ವಿಷಯವಾಗಿ ಇಟ್ಟುಕೊಂಡು ರಚಿತವಾದ ಕಾನೂನಲ್ಲವೆಂಬುದನ್ನು ಗಮನಿಸಬೇಕು.

4. ಒಂದು ಹೋಲಿಕೆ

ಇದೇ ಸಮಸ್ಯೆಯನ್ನು ಇಂಗ್ಲೆಂಡ್ ಎದುರಿಸಿದ ಬಗೆ ಬೋಧಪ್ರದವಾಗಿದೆ. ಪಟನಾದಿಂದ ಹೋದ ದೀನ್ ಮಹಮ್ಮದ್ ಎಂಬಾತನು 19ನೆಯ ಶತಮಾನದ ಆದಿಯಲ್ಲಿ ಬ್ರೈಟನ್ ಪಟ್ಟಣದಲ್ಲಿ ಭಾರತೀಯ ಪದ್ಧತಿಯ ಸ್ನಾನ ಮತ್ತು 'ಚಂಪಿ'ಯ ಗೃಹವನ್ನು ನಡೆಸಿ, 1822ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಇಂದಿನ 'ಶಾಂಪೂ' ಶಬ್ದ ಈ ಚಂಪಿಯಿಂದಲೇ ಬಂದುದು. ಅವನಿಗೆ ದೊರೆತ ಪರವಾನಗಿಯೆಂದರೆ ರಾಜಾಶ್ರಯ. ಶತಮಾನದ ಕೊನೆಗೆ ಲಂಡನ್ನಿನಲ್ಲಿ ಮಾಲೀಸಿನ ಹೆಸರು ಕೆಟ್ಟು, 1894ರಲ್ಲಿ ವೈದ್ಯಕೀಯ ಪತ್ರಿಕೆಯೇ ಅದನ್ನು ಬಯಲಿಗೆಳೆದಾಗ, ರೊಸಾಲಿಂಡ್ ಪ್ಯಾಜೆಟ್ ಮತ್ತು ಅವಳ ಜೊತೆಗಾರ್ತಿಯರು ಅದೇ ವರ್ಷ ಶಿಕ್ಷಿತ ಮರ್ದನಕಾರ್ತಿಯರ ಸಂಘವನ್ನು ಸ್ಥಾಪಿಸಿದರು. ಪರೀಕ್ಷೆ, ಪ್ರಮಾಣಪತ್ರ, ನಡತೆಯ ನಿಯಮಗಳು ಬಂದವು. ಇಂದಿನ ಭೌತಚಿಕಿತ್ಸಕರ ವೃತ್ತಿಸಂಘ ಅದರಿಂದಲೇ ಬೆಳೆದುದು. ಮರ್ದನಗೃಹಗಳಿಗೆ ಲಂಡನ್ನಿನ ಕೌಂಟಿ ಕೌನ್ಸಿಲಿನ ಪರವಾನಗಿಯ ಕಟ್ಟು ಬಂದುದು ಆಮೇಲೆ. ಅಲ್ಲಿ ಮೊದಲು ಕೈಗೆ ಪ್ರಮಾಣ ದೊರೆಯಿತು, ಅನಂತರ ಮನೆಗೆ. ನಮ್ಮಲ್ಲಿ ಮನೆಗೆ ಮಾತ್ರ ದೊರೆತಿದೆ.

ನಿಷೇಧವೊಂದರಿಂದಲೇ ಈ ಕೊರತೆ ತುಂಬದು. 2021ರಲ್ಲಿ ದೆಹಲಿ ಸರ್ಕಾರವು ಸ್ಪಾಗಳಲ್ಲಿ ಪುರುಷರಿಗೆ ಸ್ತ್ರೀಯರೂ ಸ್ತ್ರೀಯರಿಗೆ ಪುರುಷರೂ ಮಾಲೀಸು ಮಾಡಕೂಡದೆಂಬ ನಿಯಮವನ್ನು ತಂದಿತು. ಅದೇ ವರ್ಷ ಉಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿತವಾಗುವುದಿಷ್ಟು: ಹುಟ್ಟಿನ ಪರವಾನಗಿ ಅಳಿದುದು ಸರಿಯಾದುದೇ, ಕಟ್ಟಡದ ಪರವಾನಗಿ ಇರುವುದೂ ಅವಶ್ಯಕ, ಆದರೆ ವಿದ್ಯೆಯ ಪರವಾನಗಿ ಇವೆರಡರ ನಡುವೆ ಬರಬೇಕಾಗಿದೆ. ಸೌಂದರ್ಯ ಮತ್ತು ಕ್ಷೇಮ ವೃತ್ತಿಗಳಿಗೆ ರಾಷ್ಟ್ರೀಯ ಮಟ್ಟದಲ್ಲಿ ಕೌಶಲ ಪ್ರಮಾಣಪತ್ರಗಳು ಈಗ ಏರ್ಪಟ್ಟಿವೆ. ಉದ್ದಿಮೆ ಪರವಾನಗಿ ಕೊಡುವಾಗ ಸ್ಥಳೀಯ ಸಂಸ್ಥೆಗಳು ಇಂಥ ಪ್ರಮಾಣಪತ್ರವನ್ನು ಪರಿಗಣಿಸುವುದಾದರೆ ಗಿರಾಕಿಗೆ ರಕ್ಷಣೆಯೂ ಕಸುಬುದಾರನಿಗೆ ಮರ್ಯಾದೆಯೂ ದೊರೆತಾವು. ಆದರೆ ಅಕ್ಷರ ಕಲಿಯದ ವೃದ್ಧ ಸೂಲಗಿತ್ತಿಯೂ ಗರಡಿಯ ಹಿರಿಯ ವಸ್ತಾದನೂ ಆ ಕಾಗದವಿಲ್ಲವೆಂದು ಹೊರಗುಳಿಯಬಾರದು. ಅವರ ಕೈಯನ್ನು ನೋಡಿ ಪ್ರಮಾಣ ಕೊಡುವ ವ್ಯವಸ್ಥೆ ಬೇಕು.

ಈ ದಿಸೆಯಲ್ಲಿ ಇತಿಹಾಸದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಉಂಟು. ಗರಡಿಯ ವಸ್ತಾದರ, ಸೂಲಗಿತ್ತಿಯರ, ಆಯಗಾರ ಮನೆತನಗಳ ಹಿರಿಯರ ಬಾಯಿಂದ ತೈಲ, ಕ್ರಮ, ಕೂಲಿಗಳ ವಿವರಗಳನ್ನು ಬರೆದುಕೊಳ್ಳುವುದು. ಪುರಸಭೆಗಳ ಹಳೆಯ ನಡವಳಿಗಳನ್ನು ಪರಿಶೀಲಿಸುವುದು. ಪ್ರಮಾಣಪತ್ರದ ಪಠ್ಯವನ್ನು ರಚಿಸುವವರಿಗೆ ಈ ಸೀಮೆಯ ಅನುಭವ ದೊರೆಯಬೇಕಾದರೆ ಆ ಹಿರಿಯರು ನಮ್ಮೊಡನಿರುವಾಗಲೇ ಈ ಸಂಗ್ರಹ ನಡೆಯಬೇಕು.