ಗೋಡೆಯಲ್ಲಿ ಬಿಟ್ಟ ಜಾಗ

ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು. ಹಿತ್ತಿಲ ತಂತಿಯ ಮೇಲೆ ಗಾಳಿಗೆ ಟಕಟಕ ಎನ್ನುತ್ತವಲ್ಲ, ಅಂಥವೇ. ಈ ಕಪ್ಪುಬಿಳುಪು ಚಿತ್ರದಲ್ಲಿ ಅವು ಕೂದಲಿಗೆ ಒತ್ತೊತ್ತಾಗಿ ಕಚ್ಚಿಕೊಂಡು ಕಿರೀಟವಾಗಿವೆ, ಕಿವಿಯಿಂದ ಜೋತು ಓಲೆಯಾಗಿವೆ. ಮುಖ ಇದ್ದಲಿನಷ್ಟು ಕಪ್ಪು. ಬೇಕೆಂದೇ ಇನ್ನಷ್ಟು ಕಪ್ಪಾಗಿಸಿದ್ದು. ಅದರೊಳಗಿಂದ ಎರಡು ಕಣ್ಣು ರೆಪ್ಪೆ ಬಡಿಯದೆ ನೋಡುತ್ತಿವೆ. ತಮ್ಮದೇ ಈ ಚಿತ್ರವನ್ನು 2015ರಲ್ಲಿ ತೆಗೆದುಕೊಂಡವರು ದಕ್ಷಿಣ ಆಫ್ರಿಕಾದ ಜನೆಲೆ ಮುಹೋಲಿ. ಅವನು ಎಂದೂ ಅವಳು ಎಂದೂ ಕರೆಸಿಕೊಳ್ಳಲೊಲ್ಲದ ಈ ಕಲಾವಿದರಿಗೆ ನಮ್ಮ 'ಅವರು' ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪುತ್ತದೆ. ಚಿತ್ರಕ್ಕೆ ಅಮ್ಮನ ಹೆಸರು: ಬೆಸ್ಟರ್. ಬಿಳಿಯರ ಮನೆಯಲ್ಲಿ 42 ವರ್ಷ ಕೆಲಸ ಮಾಡಿದ ಆ ತಾಯಿಯ ದಿನಗಳೆಲ್ಲ ಈ ಕ್ಲಿಪ್ಪುಗಳಲ್ಲಿ ಸಿಕ್ಕಿಕೊಂಡಂತಿವೆ.

ಮುಹೋಲಿಯವರ ಒಂದು ಭಾವಚಿತ್ರ ಸರಣಿಯ ಮುಂದೆ ನಿಂತರೆ ಗೋಡೆಯ ತುಂಬ ಮುಖಗಳು. ಇಸ್ತ್ರಿ ಮಾಡಿದ ಅಂಗಿಯ ಕಾಲರಿನವರು, ಬೋ ಟೈ ಕಟ್ಟಿದವರು, ಮಣಿಸರ ತೊಟ್ಟವರು, ತಲೆ ನುಣ್ಣಗೆ ಬೋಳಿಸಿದವರು. ಹಿಂದೆ ಎಲ್ಲೋ ಇಟ್ಟಿಗೆಯ ಗೋಡೆ, ಎಲ್ಲೋ ಹೂವಿನ ಚಿತ್ತಾರದ ಬಟ್ಟೆ. ಹೆಚ್ಚಿನವರು ಕಪ್ಪು ಲೆಸ್ಬಿಯನ್ನರು, ಜೊತೆಗೆ ಟ್ರಾನ್ಸ್ ಜನರು. ಯಾರೂ ತಲೆ ತಗ್ಗಿಸಿಲ್ಲ. ನಗಬೇಕೆಂದು ನಕ್ಕವರೂ ಕಡಿಮೆ. ಸ್ವಲ್ಪ ಹೊತ್ತಿಗೆ, ನೋಡಲು ಬಂದ ನಾವೇ ಅವರ ನೋಟಕ್ಕೆ ಸಿಕ್ಕಿದ್ದೇವೆಂದು ತಿಳಿಯುತ್ತದೆ. ಒಬ್ಬರ ಕಣ್ಣಿನಿಂದ ಜಾರಿದರೆ ಪಕ್ಕದವರ ಕಣ್ಣು ಹಿಡಿಯುತ್ತದೆ.

ಕ್ಯಾಮೆರಾದ ಮುಂದೆ ಕೂತವರನ್ನು ಮುಹೋಲಿ 'ಭಾಗಿಗಳು' ಎನ್ನುತ್ತಾರೆ. ಚಿತ್ರದ ಶೀರ್ಷಿಕೆಯಲ್ಲಿ ಅವರ ಹೆಸರು, ಊರು, ವರ್ಷ ಇರುತ್ತದೆ. ಕೆಲವರ ಬಳಿ ವರ್ಷಗಳ ನಂತರ ಮತ್ತೆ ಹೋಗುತ್ತಾರೆ. ಅದೇ ಮುಖ, ಬದಲಾದ ಉಡುಗೆ, ಕಣ್ಣಲ್ಲಿ ಕೂತ ಪ್ರಾಯ. 2006ರಲ್ಲಿ ಶುರುವಾದ ಈ ಕೆಲಸದಲ್ಲಿ ಐನೂರಕ್ಕೂ ಹೆಚ್ಚು ಭಾವಚಿತ್ರಗಳು ಸೇರಿವೆ. ಅದೇ ವರ್ಷ ದಕ್ಷಿಣ ಆಫ್ರಿಕಾ ಸಲಿಂಗಿಗಳ ಮದುವೆಗೆ ಕಾನೂನಿನ ಮುದ್ರೆ ಒತ್ತಿತ್ತು. 1996ರ ಸಂವಿಧಾನವಂತೂ ಲೈಂಗಿಕ ಒಲವಿನ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡಬಾರದೆಂದು ಆಗಲೇ ಬರೆದಿಟ್ಟಿತ್ತು. ಆದರೂ ಕಪ್ಪು ಲೆಸ್ಬಿಯನ್ನರನ್ನು 'ಸರಿಮಾಡುವ' ಹೆಸರಿನಲ್ಲಿ ಅತ್ಯಾಚಾರಗಳು, ಕೊಲೆಗಳು ನಡೆದವು. 2012ರಲ್ಲಿ ಮುಹೋಲಿಯವರ ಮನೆಗೇ ಕಳ್ಳರು ನುಗ್ಗಿ, ವರ್ಷಗಟ್ಟಲೆಯ ಚಿತ್ರಗಳಿದ್ದ ಹಾರ್ಡ್ ಡಿಸ್ಕುಗಳನ್ನು ಹೊತ್ತೊಯ್ದರು. ಅವರು ಮತ್ತೆ ಕ್ಯಾಮೆರಾ ಹಿಡಿದು ಹೊರಟರು.

ಈ ಗೋಡೆಯ ಸಾಲುಗಳಲ್ಲಿ ಅಲ್ಲಲ್ಲಿ ಚೌಕಟ್ಟಿನಷ್ಟೇ ಅಳತೆಯ ಖಾಲಿ ಜಾಗ. ಚಿತ್ರ ಸಾಲದೆ ಬಿಟ್ಟದ್ದಲ್ಲ. ಸರಣಿಯ ಆರಂಭದಲ್ಲೇ ಕ್ಯಾಮೆರಾದ ಮುಂದೆ ಕೂತ ಕವಿ ಬೂಸಿ ಸಿಗಾಸಾ ಮರುವರ್ಷ ತೀರಿಕೊಂಡರು. ಹಾಗೆ ಹೋದವರ ನೆನಪಿಗೆ ಆ ಜಾಗ. ಇನ್ನೂ ಬಂದು ಕೂರದವರಿಗಾಗಿಯೂ ಅದೇ ಜಾಗ. ಬೋಳು ಗೋಡೆಯ ಆ ತುಂಡಿನ ಎಡಬಲದಲ್ಲಿ ಇಬ್ಬರು ನೆಟ್ಟಗೆ ನೋಡುತ್ತಲೇ ಇದ್ದಾರೆ, ಬರುವವರಿಗೆ ಜಾಗ ಹಿಡಿದವರ ಹಾಗೆ.