ಕ್ಯಾಲ್ಸಿಯಂ ತೆರೆಯುವ ಕ್ಲೋರೈಡ್ ನಾಳ
ಜೊಲ್ಲುಗ್ರಂಥಿಯ ಜೀವಕೋಶಗಳಿಂದ ನೀರು ಸ್ರವಿಸಬೇಕಾದರೆ ಕ್ಲೋರೈಡ್ ಅಯಾನುಗಳು ಕೋಶಪೊರೆಯನ್ನು ದಾಟಬೇಕು. ಅವುಗಳ ದಾರಿಯನ್ನು ತೆರೆಯುವುದು ಕೋಶದೊಳಗೆ ಏರುವ ಕ್ಯಾಲ್ಸಿಯಂ. ಈ ನಾಳವನ್ನು ರೂಪಿಸುವ ಪ್ರೋಟೀನು ಟಿಎಂಇಎಂ16ಎ ಎಂಬುದನ್ನು 2008ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಅದು ಪೊರೆಯನ್ನು ಎಂಟು ಬಾರಿ ಹಾಯುತ್ತದೆಂದು ಭಾವಿಸಿ, ಎಂಟನ್ನು ಸೂಚಿಸುವ ‘ಅನೋಕ್ಟಮಿನ್’ ಎಂಬ ಹೆಸರನ್ನೂ ಇಡಲಾಯಿತು. 2017ರಲ್ಲಿ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನವು ಇಲಿಯ ಪ್ರೋಟೀನಿನಲ್ಲಿ ಹತ್ತು ಸುರುಳಿಗಳನ್ನು ಸ್ಪಷ್ಟಪಡಿಸಿತು. ಇದರಲ್ಲಿ ಎರಡು ಸಮಾನ ಘಟಕಗಳು ಜೋಡಿಯಾಗಿವೆ; ಪ್ರತಿಯೊಂದಕ್ಕೂ ಸ್ವತಂತ್ರವಾಗಿ ತೆರೆಯುವ ರಂಧ್ರವಿದೆ. ಘಟಕವೊಂದರ ಋಣಾವೇಶದ ಅಮೈನೋ ಆಮ್ಲಗಳು ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಾಗ ಆರನೆಯ ಸುರುಳಿ ಸರಿದು ರಂಧ್ರ ತೆರೆಯುತ್ತದೆ. ಜೊತೆಗೆ ಕ್ಯಾಲ್ಸಿಯಂನ ಧನಾವೇಶವು ಋಣಾವೇಶದ ಕ್ಲೋರೈಡಿಗೆ ಹಾದಿಯನ್ನು ಸುಗಮಗೊಳಿಸುತ್ತದೆ. ಹೀಗೆ ಬಾಗಿಲು ತೆರೆದ ಬೀಗದ ಕೈಯೇ ಬಾಗಿಲಿನ ಭಾಗವೂ ಆಗುತ್ತದೆ.